ಕಮಲಾಕ್ಷ ಸುಡದೆ ಇಟ್ಟ ಕಾಗದಗಳು

ಕುವೈಟಿನ ಹವಲ್ಲಿಯಲ್ಲಿ ನಾವಿದ್ದ ಕಟ್ಟಡದ ಮೂರನೇ ಮಾಳಿಗೆಯಲ್ಲಿ ನಮ್ಮ ಎದುರು ಬಾಗಿಲು ಕಮಲಾಕ್ಷನದ್ದು. ಅವನ ಬಗ್ಗೆ ಈಗ ಜನ ಎರಡು ಥರ ಮಾತಾಡುತ್ತಾರೆ. ಯಜಮಾನನಿಗಾಗಿ ಹೆಂಡತಿಯನ್ನು ಒಬ್ಬಳೇ ಊರಿಗೆ ಕಳಿಸಿ ಯುದ್ಧದಲ್ಲಿ ಉಳಿದ ಪುಣ್ಯಾತ್ಮ ಎಂದು ಕೆಲವರು. ಯಜಮಾನನನ್ನು ಇರಾಕಿನವರಿಗೆ ಹಿಡಿದುಕೊಟ್ಟ ಎಂದು ಇನ್ನು ಕೆಲವರು. ನಾನು ಎದುರು ಬಾಗಿಲಿನಲ್ಲಿದ್ದವಳು, ಅವರಿಗೆಲ್ಲ ಬಾಯಮ್ಮ. ಕಂಡದ್ದು ಇಷ್ಟು, ಅವನೂ ಅವನ ಹೆಂಡತಿ ಹರಿಣಾಕ್ಷಿಯೂ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದು ಇಷ್ಟು ಎಂದು ಬರೆದಿಡುತ್ತೇನೆ.

ಕಮಲಾಕ್ಷನ ಊರು ಮಂಗಳೂರಿನ ಕಡೆ, ಪಕ್ಷಿಕೆರೆಯ ಆಚೆ. ಎಪ್ಪತ್ತೆರಡರಲ್ಲಿ ಬೊಂಬಾಯಿಯಿಂದ ಹಡಗಿನಲ್ಲಿ ಕುವೈಟಿಗೆ ಬಂದವನು. ಮೊದಲು ಒಬ್ಬ ವಕೀಲರ ಆಫೀಸಿನಲ್ಲಿ ಇಂಗ್ಲಿಷ್ ಟೈಪಿಂಗ್. ಎಪ್ಪತ್ತಾರರಿಂದ ಒಬ್ಬ ಕುವೈಟಿ ಜಡ್ಜ್ ಸಾಹೇಬರ ಮನೆಯಲ್ಲಿ ಕೆಲಸ. ಕೋರ್ಟಿನ ಕಾಗದ ನೋಡಲು ಕೋರ್ಟಿನಲ್ಲಿ ಬೇರೆ ಜನ ಇದ್ದರು. ಇವನು ನೋಡುತ್ತಿದ್ದದ್ದು ಸಾಹೇಬರ ಸ್ವಂತ ಕಾಗದಗಳನ್ನು. ಸಾಹೇಬರಿಗೆ ಕಾಗದ ಬರೆಯುವ ಹುಚ್ಚು. ಫೋನು ಮೇಜಿನ ಮೇಲೇ ಇದ್ದರೂ ಮಗಳಿಗೆ ಕಾಗದ, ಜೊತೆಯ ಜಡ್ಜ್‌ಗಳಿಗೆ ಕಾಗದ, ಬೊಂಬಾಯಿಯ ಹಳೇ ಸ್ನೇಹಿತನಿಗೆ ಕಾಗದ. ಸಣ್ಣವರಿದ್ದಾಗ ತಂದೆಯ ಖರ್ಜೂರದ ವ್ಯಾಪಾರದ ದೆಸೆಯಿಂದ ಬೊಂಬಾಯಿಯಲ್ಲಿ ಬೆಳೆದವರಾದ್ದರಿಂದ ಅವರಿಗೆ ಹಿಂದೂಸ್ತಾನಿ ಬರುತ್ತಿತ್ತು. ಕಮಲಾಕ್ಷ ಎನ್ನಲು ನಾಲಿಗೆ ಹೊರಳದೆ ‘ಕಮಾಲ್’ ಎಂದು ಕರೆಯುತ್ತಿದ್ದರು.

ಇಂಗ್ಲಿಷ್ ಕಾಗದವನ್ನು ಸಾಹೇಬರು ಹೇಳುತ್ತಿದ್ದರು, ಕಮಲಾಕ್ಷ ಟೈಪ್ ಮಾಡುತ್ತಿದ್ದ. ಅರಬಿ ಕಾಗದವನ್ನು ಅವರು ಕೈಯಾರೆ ಬರೆಯುತ್ತಿದ್ದರು. ಆದರೆ ಎರಡಕ್ಕೂ ಕಾಪಿ ಇರಲೇಬೇಕು. ವಕೀಲರ ಆಫೀಸಿನಲ್ಲಿ ಕಲಿತ ಪಾಠ ಅದು. ದಿನಾ ಬೆಳಿಗ್ಗೆ ಸಾಹೇಬರ ಬರೆಯುವ ಪ್ಯಾಡಿನಲ್ಲಿ ಮೊದಲ ಹಾಳೆಯ ಕೆಳಗೆ ನೀಲಿ ಕಾರ್ಬನ್, ಅದರ ಕೆಳಗೆ ತೆಳು ಹಾಳೆ ಸೇರಿಸಿ ಇಡುವುದು ಅವನ ಮೊದಲ ಕೆಲಸ. ಬರೆದು ಆದ ಮೇಲೆ ಆ ತೆಳು ಹಾಳೆಗೆ ತೂತು ಹೊಡೆದು ತಾರೀಕಿನ ಪ್ರಕಾರ ಫೈಲಿಗೆ ಹಾಕುವುದು. ಮಗಳದ್ದು ಹಸಿರು ಫೈಲು, ಜಡ್ಜ್‌ಗಳದ್ದು ಕೆಂಪು. ಅರಬಿ ಓದಲು ಅವನಿಗೆ ಬರುತ್ತಿರಲಿಲ್ಲ. ಅಂಕಿಗಳು ಗೊತ್ತಿದ್ದವು. ಪ್ರತಿ ಕಾಗದದ ತಲೆಯ ಮೇಲೆ ಇರುತ್ತಿದ್ದ ಒಂದು ಸಾಲು ಮಾತ್ರ ಗುರುತು ಸಿಗುತ್ತಿತ್ತು. ಕೆಳಗಿನ ಅಂಗಡಿಯ ಅಹ್ಮದ್ ಕುಂಞಿ, ಅದು ದೇವರ ಹೆಸರು, ಬಿಸ್ಮಿಲ್ಲಾ ಎಂದು ಹೇಳಿಕೊಟ್ಟಿದ್ದ.

ಈ ಕಾಪಿಗಳಿಂದ ಅವನಿಗೆ ಒಮ್ಮೆ ದೊಡ್ಡ ಹೆಸರು ಬಂತು. ಸಾಹೇಬರಿಗೆ ಅಬು ಬದರ್ ಎಂಬ ಒಬ್ಬ ಜಡ್ಜ್ ಸ್ನೇಹಿತ. ಅರ್ಧ ಗಂಟೆಯ ದಾರಿಯಲ್ಲಿ ಮನೆ. ಯಾವುದೋ ತೀರ್ಪಿನ ವಿಷಯದಲ್ಲಿ ಜಗಳವಾಗಿ ಇಬ್ಬರೂ ಎರಡು ವರ್ಷ ಮುಖ ನೋಡಲಿಲ್ಲ. ಆದರೆ ವಾರ ವಾರ ಕಾಗದದಲ್ಲಿ ಜಗಳ ನಡೆದೇ ಇತ್ತು. ಅದನ್ನು ಹೊತ್ತುಕೊಂಡು ಹೋಗಿ ಬರುವವನು ಕಮಲಾಕ್ಷ. ಒಂದು ದಿನ ಅಬು ಬದರ್ ಸೀದಾ ಮನೆಗೇ ಬಂದರಂತೆ. ‘ನೀನು ನನ್ನನ್ನು ಹೇಡಿ ಎಂದು ಬರೆದೆ’ ಎಂದರು. ‘ಬರೆದಿಲ್ಲ’ ಎಂದರು ಸಾಹೇಬರು. ಬಂದ ಕಾಗದವನ್ನು ಸಿಟ್ಟಿನಲ್ಲಿ ಹರಿದು ಹಾಕಿದ್ದ ಅಬು ಬದರ್ ಹತ್ತಿರ ಸಾಕ್ಷಿ ಇರಲಿಲ್ಲ. ಕಮಲಾಕ್ಷ ಒಳಗೆ ಹೋಗಿ ಕೆಂಪು ಫೈಲು ತಂದು ಆ ತಾರೀಕಿನ ಹಾಳೆ ತೆಗೆದು ಮುಂದಿಟ್ಟ. ಸಾಹೇಬರು ಓದಿದರು. ಹೇಡಿ ಎಂದೇ ಬರೆದಿದ್ದರು! ಎದ್ದು ಹೋಗಿ ಅಬು ಬದರ್ ಅವರ ಹಣೆಗೆ ಮುತ್ತಿಟ್ಟರು. ಜಗಳ ಅಲ್ಲಿಗೆ ಮುಗಿಯಿತು.

‘ಕಮಾಲ್, ಮೂವತ್ತು ವರ್ಷ ನಾನು ಸಾಕ್ಷಿಗಳನ್ನು ನೋಡಿದ್ದೇನೆ. ನಿನ್ನಂಥ ಸಾಕ್ಷಿ ಒಬ್ಬನೂ ಸಿಗಲಿಲ್ಲ’ ಎಂದರಂತೆ ಸಾಹೇಬರು.

ಈ ಮಾತನ್ನು ಕಮಲಾಕ್ಷ ನನ್ನ ಹತ್ತಿರ ಎಷ್ಟು ಸಲ ಹೇಳಿದನೋ. ಹೇಳಿದಾಗೆಲ್ಲ ಹರಿಣಾಕ್ಷಿ ಮುಖ ತಿರುಗಿಸುವಳು.

“ನಮ್ಮ ಮದುವೆಯ ತಾರೀಕು ಕೇಳಿ ನೋಡಿ ಬಾಯಮ್ಮ. ಗೊತ್ತುಂಟಾ ಇವರಿಗೆ? ಆ ಸಾಹೇಬರು ಮಗಳಿಗೆ ಬರೆದದ್ದು ಮಾತ್ರ ಬಾಯಿಪಾಠ.”

“ಮದುವೆಗೆ ಕಾಪಿ ಇಲ್ಲ ಮಾರಾಯ್ತಿ,” ಎನ್ನುವನು ಅವನು. “ಒರಿಜಿನಲ್ಲೇ ದಿನಾ ಎದುರು ಉಂಟಲ್ಲ.”

ಹೀಗೆ ನಗಾಡಿಕೊಂಡು ಇದ್ದವರು ನಾವು. ತೊಂಬತ್ತರ ಆಗಸ್ಟ್ ಎರಡು, ಗುರುವಾರ. ಬೆಳಿಗ್ಗೆ ಹಾಲು ತರಲು ಇಳಿದವರು ಹಾಗೇ ಹತ್ತಿಕೊಂಡು ಬಂದರು. ಬೀದಿಯಲ್ಲಿ ಇರಾಕಿನ ಸೈನಿಕರು. ನನ್ನ ಮಗಳು ಜೋಯ್ಸ್ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಗೆ ಹೋದವಳು ಎರಡು ದಿನ ಮನೆಗೆ ಬರಲಿಲ್ಲ.

ನಾಲ್ಕನೇ ದಿನ ಜಡ್ಜ್ ಸಾಹೇಬರು ಕಮಲಾಕ್ಷನನ್ನು ಕರೆಸಿದರು. ಇರಾಕಿನವರಿಗೆ ಆಡಳಿತ ನಡೆಸಲು ಹಳೆಯ ಅಧಿಕಾರಿಗಳು ಬೇಕಂತೆ, ಕರೆದಲ್ಲಿಗೆ ಹೋಗದವರನ್ನು ಹುಡುಕುತ್ತಾರಂತೆ ಎಂದು ಊರಿಡೀ ಮಾತು. ಸಾಹೇಬರು ಹೋಗುವವರಲ್ಲ. ‘ನನ್ನ ಕಾಗದಗಳಲ್ಲಿ ಎಲ್ಲರ ಹೆಸರಿದೆ, ಮನೆಯ ಗುರುತು ಇದೆ. ಬಂದದ್ದು, ಹೋದದ್ದು, ಕಾಪಿ, ಒಂದೂ ಉಳಿಯಬಾರದು. ಇವತ್ತೇ ಸುಡು’ ಎಂದರು. ಮಗಳಿಗೂ ಹಾಗೇ ಹೇಳಿ ಕಳಿಸಿದ್ದರು.

ಮನೆಯ ಹಿಂದೆ ಒಂದು ತಗಡಿನ ಡ್ರಮ್ಮು. ಕಮಲಾಕ್ಷ ಮಧ್ಯಾಹ್ನದಿಂದ ಸುಡಲು ಕೂತ. ಬಂದ ಕಾಗದಗಳನ್ನು ಲಕೋಟೆ ಸಮೇತ ಹಾಕಿದ. ಇಂಗ್ಲಿಷ್ ಕಾಪಿಗಳನ್ನು ಹಾಕಿದ. ಅದರಲ್ಲಿ ಲಂಡನ್ನು, ಬೊಂಬಾಯಿ ಎಲ್ಲ ಇತ್ತು, ಅವನಿಗೇ ಓದಲು ಆಗುತ್ತಿತ್ತು, ಹೆದರಿಕೆಯಾಯಿತು. ಆಮೇಲೆ ಹಸಿರು ಫೈಲು ತೆಗೆದ. ಮೊದಲ ಹಾಳೆಯ ತಲೆಯ ಮೇಲೆ ಬಿಸ್ಮಿಲ್ಲಾ. ತಿರುವಿದ, ಎರಡನೆಯದರಲ್ಲೂ ಅದೇ. ಅವನ ಕೈ ಮುಂದೆ ಹೋಗಲಿಲ್ಲ. ಅಹ್ಮದ್ ಕುಂಞಿ ದಾರಿಯಲ್ಲಿ ಬಿದ್ದ ಅರಬಿ ಪೇಪರಿನ ತುಂಡನ್ನು ಹೆಕ್ಕಿ, ದೇವರ ಹೆಸರು ಇದ್ದೀತು, ತುಳಿಯಬಾರದು ಎಂದು ಗೋಡೆಯ ಸಂದಿಯಲ್ಲಿ ಇಡುವುದನ್ನು ಅವನು ಕಂಡಿದ್ದ. ತುಳಿಯಲೂ ಬಾರದ ಹೆಸರಿಗೆ ಬೆಂಕಿ ಹಾಕುವುದು ಹೇಗೆ? ಅದೂ ಅವರ ದೇವರು, ಅವರದ್ದೇ ಮನೆ, ಅವರದ್ದೇ ಅನ್ನ. ಜೊತೆಗೆ ನಾಳೆ ಎಲ್ಲ ಸರಿಯಾಗಿ ಸಾಹೇಬರು ‘ಕಮಾಲ್, ಆ ಕಾಗದ ತಾ’ ಎಂದರೆ ಎಂಬ ಆಸೆಯೂ ಇತ್ತು. ಅದನ್ನೂ ಅವನೇ ಹೇಳಿದ್ದು.

ಅರಬಿ ಕಾಪಿಗಳನ್ನೆಲ್ಲ ಎರಡು ಸಲ ಈರುಳ್ಳಿ ಚೀಲದಲ್ಲಿ ತುಂಬಿಸಿ ಹವಲ್ಲಿಗೆ ತಂದ. ಸಾಹೇಬರು ಕೇಳಿದಾಗ ‘ಖಲಾಸ್, ಸರ್. ಎಲ್ಲ ಸುಟ್ಟೆ’ ಎಂದ. ಹದಿನಾಲ್ಕು ವರ್ಷದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು.

ಅಹ್ಮದ್ ಕುಂಞಿಯನ್ನು ಕೇಳಬಹುದಿತ್ತು. ಕೇಳುವ ಮೊದಲೇ ಅವನು, ಆಗಸ್ಟ್ ಕೊನೆಗೆ, ಅಂಗಡಿ ಮುಚ್ಚಿ ಬಸ್ಸು ಹತ್ತಿದ. ಈ ವರ್ಷ ಮಂಗಳೂರಿನ ಬಂದರಿನಲ್ಲಿ ಸಿಕ್ಕಿದಾಗ ನಾನು ಕೇಳಿದೆ. “ಸುಡಬಹುದಿತ್ತಲ್ಲ ಬಾಯಮ್ಮ! ಮರ್ಯಾದೆಯಲ್ಲಿ ಸುಟ್ಟು ಬೂದಿಯನ್ನು ಮಣ್ಣು ಮಾಡಿದರೆ ತಪ್ಪಿಲ್ಲ ಅಂತ ನಮ್ಮ ಮದ್ರಸದ ಉಸ್ತಾದರು ಹೇಳ್ತಿದ್ದರು. ನನ್ನ ಹತ್ತಿರ ಒಂದು ಮಾತು ಕೇಳ್ಬಾರದಿತ್ತಾ ಅವನಿಗೆ?” ಎಂದು ತಲೆಯ ಮೇಲೆ ಕೈ ಇಟ್ಟುಕೊಂಡ.

ಸೆಪ್ಟೆಂಬರಿನಲ್ಲಿ ನಮ್ಮವರೆಲ್ಲ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನಿಗೆ ಹೋಗಿ ವಿಮಾನ ಹತ್ತುತ್ತಿದ್ದರು. ಆಸ್ಪತ್ರೆಯವರು ಜೋಯ್ಸಳನ್ನು ಬಿಡದ ಕಾರಣ ನಾನು ಉಳಿದೆ. ಕಮಲಾಕ್ಷನ ಮನೆಗೂ ಎರಡು ಸೀಟು ಬಂತು. ಹರಿಣಾಕ್ಷಿ ಮಂಚದ ಕೆಳಗಿನ ನೀಲಿ ಸೂಟ್‌ಕೇಸ್ ಎಳೆದಳು. ಎತ್ತಲು ಆಗಲಿಲ್ಲ. ತೆರೆದರೆ ಒಳಗೆ ಫೈಲುಗಳು. ಅವಳ ಕೂಗು ನಮ್ಮ ಮನೆಗೆ ಕೇಳಿತು. ನಾನು ಹೋದೆ.

“ನೋಡಿ ಬಾಯಮ್ಮ, ನನ್ನ ಸೀರೆ ಇಡುವ ಪೆಟ್ಟಿಗೆಯಲ್ಲಿ ಸಾಹೇಬರ ಸಂಸಾರ! ಸುಟ್ಟೆ ಅಂತ ಹೇಳಿ ಬಂದದ್ದು ಇವರು.”

“ಮೆಲ್ಲ ಮಾತಾಡು.”

“ಮೆಲ್ಲ ಎಂತದ್ದು? ಈಗಲೇ ಸುಡಿ. ಇಲ್ಲದಿದ್ದರೆ ನೀರಿಗೆ ಹಾಕಿ.”

“ದೇವರ ಹೆಸರು ಉಂಟು ಅದರಲ್ಲಿ. ಮತ್ತೆ ಇಲ್ಲಿ ಹೊಗೆ ಎಬ್ಬಿಸಿದರೆ ಮಿಲಿಟರಿಯವರು ಮೇಲೆ ಬರ್ತಾರೆ. ಅರಬಿ ಕಾಗದ ಅಲ್ವಾ, ಯಾರಿಗೆ ಎಂತ ಗೊತ್ತಾಗ್ತದೆ?”

ಆಗ ನಾನು ಹೇಳಿದ ಮಾತು ಇದು: “ಹೌದು, ಅದನ್ನು ಯಾರು ಓದುವುದು, ಬಿಡು ಹರಿಣಾಕ್ಷಿ.” ಜಗಳ ನಿಲ್ಲಲಿ ಎಂದು ಹೇಳಿದ್ದು. ಆದರೆ ನನಗೂ ಹಾಗೇ ಅನಿಸಿತ್ತು. ಇಡೀ ಕಟ್ಟಡದಲ್ಲಿ ಆ ಅಕ್ಷರ ಓದುವವರು ಇರಲಿಲ್ಲ. ನಮಗೆಲ್ಲ ಅದು ಬೀಗ ಹಾಕಿದ ಹಾಗೆ.

ಕಮಲಾಕ್ಷ ಬಸ್ಸು ಹತ್ತಲಿಲ್ಲ. ಸಾಹೇಬರು ಅಷ್ಟರಲ್ಲಿ ತಮ್ಮ ಮನೆ ಬಿಟ್ಟು ಸಾಲ್ಮಿಯಾದಲ್ಲಿದ್ದ ಮಗಳು ನೂರಿಯಾಳ ಮನೆಗೆ ಹೋಗಿ ಅಡಗಿದ್ದರು. ಕುವೈಟಿಗಳು ಹೊರಗೆ ಬಂದರೆ ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಿದ್ದರು, ಇಂಡಿಯನ್ನರನ್ನು ಬಿಡುತ್ತಿದ್ದರು. ಅವರಿಗೆ ತರಕಾರಿ, ಮಾತ್ರೆ ಮುಟ್ಟಿಸಲು ಇವನಲ್ಲದೆ ಬೇರೆ ಜನ ಇರಲಿಲ್ಲ. ಹರಿಣಾಕ್ಷಿ ಹೊರಟಾಗ ಅಳಲಿಲ್ಲ. “ನಿಮ್ಮ ಸಾಹೇಬರನ್ನು ಚೆನ್ನಾಗಿ ನೋಡಿಕೊಳ್ಳಿ,” ಎಂದಳು, ಅಷ್ಟೆ. ಅವಳ ಬಟ್ಟೆ ಒಂದು ಪ್ಲಾಸ್ಟಿಕ್ ಚೀಲದಲ್ಲಿತ್ತು.

ಆ ಮನೆ ಯಾಕೆ, ಬೇರೆಡೆಗೆ ಹೋಗಬಾರದೇ ಎಂದು ನಾನು ಒಮ್ಮೆ ಕೇಳಿದ್ದೆ.

“ಅವರು ಲೆಕ್ಕ ಹಾಕಿಯೇ ಹೋದದ್ದು ಬಾಯಮ್ಮ,” ಎಂದ. “ಆ ಮನೆ ಮಗಳು ಹೊಸತಾಗಿ ಬಾಡಿಗೆಗೆ ತಗೊಂಡದ್ದು. ಯಾವ ಆಫೀಸಿನಲ್ಲೂ ಅದರ ಅಡ್ರೆಸ್ ಇಲ್ಲ. ಸಾಹೇಬರ ಕಾಗದದಲ್ಲಿ ಮಾತ್ರ...”

ಹೇಳುತ್ತಾ ಹೇಳುತ್ತಾ ನಿಲ್ಲಿಸಿದ. ಸಾಹೇಬರು ಮಗಳಿಗೆ ಬರೆದರೂ ಕೋರ್ಟಿನ ಅಭ್ಯಾಸದಿಂದ ಮೇಲೆ ಬ್ಲಾಕು, ರಸ್ತೆ, ಮನೆ ನಂಬರು ಎಲ್ಲ ಬರೆಯುತ್ತಿದ್ದರು. ಅರಬಿ ಅಂಕಿ ಬಲ್ಲ ಇವನಿಗೆ ಅದು ಗೊತ್ತಿತ್ತು. ಆ ಹೊತ್ತಿನಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. “ನಾಳೆ ಏನಾದರೂ ಮಾಡ್ತೇನೆ,” ಎಂದ. ಮಾರನೇ ದಿನ ಸುಲೈಬಿಯಾದಲ್ಲಿ ತರಕಾರಿ ಸಿಗುತ್ತದೆ ಎಂದು ಸುದ್ದಿ ಬಂತು, ಅಲ್ಲಿಗೆ ಹೋದ. ಅದರ ಮಾರನೇ ದಿನ ಅವನಿಗೆ ಜ್ವರ.

ಮೂರನೇ ದಿನ, ಅಕ್ಟೋಬರ್ ನಡುವಿನಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕಟ್ಟಡಕ್ಕೆ ಹುಡುಕಾಟದವರು ಬಂದರು. ಮೂವರು ಸೈನಿಕರು, ಒಬ್ಬ ಆಫೀಸರ. ಇಂಥವರನ್ನೇ ಎಂದು ಅಲ್ಲ, ಆ ಬೀದಿಯ ಮನೆಗಳನ್ನೆಲ್ಲ ನೋಡುತ್ತಿದ್ದರು. ನಮ್ಮ ಮನೆಯಿಂದ ರೇಡಿಯೋ ತೆಗೆದುಕೊಂಡರು. ಎದುರು ಮನೆಗೆ ಹೋದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೀಲಿ ಸೂಟ್‌ಕೇಸ್ ಎಳೆದು ತೆರೆದರು.

ಆಫೀಸರ ಮಂಚದ ಮೇಲೆ ಕೂತು ಓದತೊಡಗಿದ. ಸಣ್ಣ ಪ್ರಾಯದವನು, ಕನ್ನಡಕ ಹಾಕಿದ್ದ. ಒಂದು ಹಾಳೆ, ಎರಡು ಹಾಳೆ, ಅವಸರವಿಲ್ಲದೆ, ಪೇಪರು ಓದುವ ಹಾಗೆ ಓದಿದ. ಒಂದು ಕಡೆ ಅವನ ಮುಖ ಮೆತ್ತಗಾಯಿತು. ಕಮಲಾಕ್ಷನನ್ನು ನೋಡಿ ಇಂಗ್ಲಿಷಿನಲ್ಲಿ, “ಮಗಳಿಗೆ ಚೆನ್ನಾಗಿ ಬರೆಯುತ್ತಾರೆ, ಇವರು ಯಾರು?” ಎಂದ. ಕಮಲಾಕ್ಷ ಗೊತ್ತಿಲ್ಲ ಎಂದ. ಅವನು ಮತ್ತೆ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ, ಎಲ್ಲ ಅಲ್ಲೇ ಬರೆದಿತ್ತು. ಮೇಲಿನ ಒಂದು ಹಾಳೆ ಮಡಚಿ ಕಿಸೆಗೆ ಹಾಕಿಕೊಂಡ. ಸೂಟ್‌ಕೇಸ್ ಎತ್ತಿಸಿದ. ಹೊರಡುವಾಗ ಕಮಲಾಕ್ಷನ ಭುಜ ತಟ್ಟಿ, ಒಂದು ಸಿಗರೇಟು ಕೊಟ್ಟು, “ಶುಕ್ರನ್, ಥ್ಯಾಂಕ್ಯೂ” ಎಂದ. ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಇವನಿಗೆ ಇವತ್ತು ಸ್ವಲ್ಪವಾದರೂ ಸಮಾಧಾನ ಇರುತ್ತಿತ್ತೋ ಏನೋ.

ಕಮಲಾಕ್ಷ ಸಿಗರೇಟು ಹಿಡಿದುಕೊಂಡು ನಿಂತಿದ್ದ.

“ಬಾಯಮ್ಮ,” ಎಂದ, “ಅವರಿಗೆ ಅರಬಿ ಬರ್ತದೆ ಅಲ್ವಾ.”

ಬರದೆ ಇರುತ್ತದೆಯೇ? ಅವರು ಮಾತಾಡುವುದೇ ಅದನ್ನು. ಎರಡು ತಿಂಗಳಿಂದ ಬೀದಿಯಲ್ಲಿ ಅವರ ಮಾತು ನಮ್ಮ ಕಿವಿಗೆ ಬೀಳುತ್ತಿತ್ತು. ಆದರೂ ನಮಗೆ ತಿಳಿಯದ್ದು ಯಾರಿಗೂ ತಿಳಿಯದು ಎಂದು ಕೂತಿದ್ದೆವು, ಅವನೂ ನಾನೂ.

ಫೋನು ಎರಡು ದಿನದಿಂದ ಸತ್ತಿತ್ತು. ಟ್ಯಾಕ್ಸಿ ಇಲ್ಲ. ಜ್ವರದ ಮೈಯಲ್ಲೇ ಸಾಲ್ಮಿಯಾಕ್ಕೆ ಓಡಿದ. ಓಡಲು ಆಗದಲ್ಲಿ ನಡೆದ. ಎರಡು ಕಡೆ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರು. ಮುಟ್ಟುವಾಗ ಗೇಟು ತೆರೆದಿತ್ತು. ಸಾಹೇಬರ ಒಂದು ಚಪ್ಪಲಿ ಮೆಟ್ಟಿಲಲ್ಲಿ ಬಿದ್ದಿತ್ತು. ನೂರಿಯಾ ಒಳಗೆ ನೆಲದ ಮೇಲೆ ಕೂತಿದ್ದಳು.

“ಕಮಾಲ್, ಈ ಮನೆಯನ್ನು ಅವರಿಗೆ ತೋರಿಸಿಕೊಟ್ಟದ್ದು ಯಾರು?” ಎಂದು ಕೇಳಿದಳು.

“ಗೊತ್ತಿಲ್ಲ,” ಎಂದ ಇವನು.

ಆಮೇಲಿನ ತಿಂಗಳುಗಳನ್ನು ಬರೆಯಲು ಹೆಚ್ಚು ಇಲ್ಲ. ಮತ್ತೆ ಸೀಟು ಬಂದರೂ ಕಮಲಾಕ್ಷ ಊರಿಗೆ ಹೋಗಲಿಲ್ಲ. ಸುಲೈಬಿಯಾದಿಂದ ಸೊಪ್ಪು, ಟೊಮೇಟೊ ಹೊತ್ತುಕೊಂಡು ನೂರಿಯಾಳ ಬಾಗಿಲಿಗೆ ಹಾಕುವುದು. ಹಿಡಿದವರನ್ನು ಇಟ್ಟಿದ್ದಾರೆ ಎಂದು ಯಾರಾದರೂ ಹೇಳಿದ ಕಡೆ ಹೋಗಿ, ಗೋಡೆಯ ಎದುರು ನಿಂತು, ಓಡಿಸಿದ ಮೇಲೆ ಬರುವುದು. ನೂರಿಯಾ ‘ನನ್ನ ತಂದೆಗೆ ಮಗನಿಲ್ಲ ಎಂಬ ಕೊರತೆ ನೀನು ತೀರಿಸಿದೆ’ ಎಂದಳಂತೆ. ಅದನ್ನು ನನ್ನ ಮನೆಗೆ ಬಂದು ಹೇಳಿ, ಗಂಜಿ ಮುಟ್ಟದೆ ಎದ್ದು ಹೋದ. ಜನವರಿಯಲ್ಲಿ ಬಾಂಬು ಬೀಳತೊಡಗಿತು. ಫೆಬ್ರವರಿ ಕೊನೆಗೆ ಎಣ್ಣೆ ಬಾವಿಗಳ ಹೊಗೆ ಮುಚ್ಚಿ ಮಧ್ಯಾಹ್ನವೇ ದೀಪ ಹುಡುಕುವ ಹಾಗಾಯಿತು. ಇರಾಕಿನವರು ಹೋದ ದಿನ ಬೀದಿಯೆಲ್ಲ ಬಾವುಟ, ಕೂಗು, ಕಾರಿನ ಹಾರ್ನು. ಕಮಲಾಕ್ಷ ಕೆಳಗೆ ಇಳಿಯಲಿಲ್ಲ.

ಮಾರ್ಚಿನಲ್ಲಿ ಹಿಡಿದುಕೊಂಡು ಹೋದವರು ಬಸ್ಸುಗಳಲ್ಲಿ ತಿರುಗಿ ಬರತೊಡಗಿದರು. ನೂರಿಯಾ ತಂದೆಯ ಫೋಟೋ ಹಿಡಿದು, ಇವನು ಪಕ್ಕದಲ್ಲಿ, ಪ್ರತಿ ಬಸ್ಸಿಗೆ ನಿಂತರು. ಬಂದವರಲ್ಲಿ ಒಬ್ಬನೂ ಅವರನ್ನು ಕಂಡದ್ದಾಗಿ ಹೇಳಲಿಲ್ಲ. ಅಬು ಬದರ್ ಆಗಸ್ಟಿನಲ್ಲೇ ಸೌದಿಗೆ ದಾಟಿದ್ದರು. ಅವರು ಬಂದರು. ಸಾಹೇಬರು ಬರಲಿಲ್ಲ.

ಒಂದು ದಿನ ಕಮಲಾಕ್ಷ ಬಂದು, “ನೂರಿಯಾ ಕರೆದಿದ್ದಾಳೆ. ಎಂತಕ್ಕೆ ಅಂತ ನನಗೆ ಗೊತ್ತುಂಟು. ನೀವು ಜೊತೆಗೆ ಬನ್ನಿ ಬಾಯಮ್ಮ,” ಎಂದ. ಹೋದೆ.

ನೂರಿಯಾ ನಮಗೆ ಚಹಾ ಕೊಟ್ಟಳು. ತಂದೆಯಿಂದ ಕಲಿತ ಮುರುಕು ಹಿಂದೂಸ್ತಾನಿಯಲ್ಲಿ ಮಾತಾಡಿದಳು.

“ತಂದೆಯ ಮನೆಯಲ್ಲಿ ಏನೂ ಇಲ್ಲ ಕಮಾಲ್. ದೋಚಿದ್ದಾರೆ. ನನಗೆ ಬರೆದ ಕಾಗದಗಳನ್ನು ನಾನೇ ಸುಟ್ಟೆ, ಅವರು ಹೇಳಿದರು ಅಂತ. ಅವರ ಕೈಬರಹದ ಒಂದು ಸಾಲು ನನ್ನ ಹತ್ತಿರ ಇಲ್ಲ. ನೀನು ಎಲ್ಲದಕ್ಕೂ ಕಾಪಿ ಇಡುವವನು. ಅವರ ಮಾತು ಮೀರಿ ಒಂದಾದರೂ ಇಟ್ಟಿದ್ದೇನೆ ಅಂತ ಹೇಳು. ಕೈ ಮುಗಿಯುತ್ತೇನೆ.”

ಕಮಲಾಕ್ಷ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಆಮೇಲೆ ಅವನು ಹೇಳಿದ. ಡ್ರಮ್ಮು, ಬಿಸ್ಮಿಲ್ಲಾ, ಈರುಳ್ಳಿ ಚೀಲ, ‘ಎಲ್ಲ ಸುಟ್ಟೆ’ ಎಂದದ್ದು, ಸೂಟ್‌ಕೇಸು, ಆಫೀಸರ, ಸಿಗರೇಟು. ಒಂದನ್ನೂ ಬಿಡಲಿಲ್ಲ. ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು ಹೇಳಿದ.

ನೂರಿಯಾ ಕೂಗುತ್ತಾಳೆ ಎಂದು ನಾನು ಕಾದೆ. ಕೂಗಲಿಲ್ಲ.

“ಅದರಲ್ಲಿ ಅವರು ನನಗೆ ಏನು ಬರೆದಿದ್ದರು?” ಎಂದಳು.

“ನನಗೆ ಓದಲು ಬರುವುದಿಲ್ಲ.”

“ಹದಿನಾಲ್ಕು ವರ್ಷ ಇಟ್ಟುಕೊಂಡೆ. ಒಂದು ಮಾತೂ ಗೊತ್ತಿಲ್ಲವೇ?”

“ತಾರೀಕು ಗೊತ್ತುಂಟು. ಎಷ್ಟು ಹಾಳೆ ಅಂತ ಗೊತ್ತುಂಟು.”

“ಹೇಳು.”

ಅವನು ಹೇಳತೊಡಗಿದ. ನೂರಿಯಾ ಕೈರೋದಲ್ಲಿ ಓದುತ್ತಿದ್ದ ವರ್ಷದಿಂದ ಹಿಡಿದ. ಎಪ್ಪತ್ತೆಂಟು, ಮಾರ್ಚ್ ಮೂರು, ಶುಕ್ರವಾರ, ಎರಡು ಹಾಳೆ. ಮಾರ್ಚ್ ಹತ್ತು, ಒಂದು ಹಾಳೆ. ಮಾರ್ಚ್ ಹದಿನೇಳು, ನಾಲ್ಕು ಹಾಳೆ.

“ನಾಲ್ಕು,” ಎಂದಳು ನೂರಿಯಾ. “ಓದು ಬಿಟ್ಟು ಬರುತ್ತೇನೆ ಎಂದು ನಾನು ಬರೆದಿದ್ದೆ. ಅದಕ್ಕೆ...” ಏನು ಬರೆದಿದ್ದರೆಂದು ನೆನಪು ಮಾಡಲು ನೋಡಿದಳು. ಆಗಲಿಲ್ಲ ಎಂದು ಮುಖದಲ್ಲಿ ಕಂಡಿತು. ಕಮಲಾಕ್ಷ ಮುಂದಿನ ತಾರೀಕಿಗೆ ಬಾಯಿ ತೆರೆದ.

“ಸಾಕು,” ಎಂದಳು. “ನಿನ್ನ ಬಾಯಿಂದ ಬೇಡ. ಎದ್ದು ಹೋಗು ಕಮಾಲ್. ಇನ್ನು ಈ ಬಾಗಿಲಿಗೆ ಬರಬೇಡ.”

ಹೊರಗೆ ಹೊಗೆಯ ಬೂದಿ ಉದುರುತ್ತಿತ್ತು. ತುಂಬ ದೂರ ನಡೆದ ಮೇಲೆ ಅವನು ಕೇಳಿದ: “ನಾನು ಹೇಳಬಾರದಿತ್ತಾ ಬಾಯಮ್ಮ?”

“ಹೇಳಬೇಕಿತ್ತು,” ಎಂದೆ. “ಆಗಸ್ಟಿನಲ್ಲಿ ಸಾಹೇಬರಿಗೆ ಹೇಳಬೇಕಿತ್ತು. ಗೊತ್ತಿದ್ದರೆ ಅವರು ಆ ಮನೆಗೆ ಹೋಗುತ್ತಿರಲಿಲ್ಲ.”

ಅದು ಅವನಿಗೂ ಗೊತ್ತಿದ್ದ ಮಾತೇ. ಆದರೂ ನನ್ನ ಬಾಯಿಂದ ಬರಬಾರದಿತ್ತು. ಸೂಟ್‌ಕೇಸಿನಲ್ಲಿ ಏನಿದೆ ಎಂದು ತಿಳಿದೂ ಯಾರು ಓದುವುದು ಬಿಡು ಎಂದವಳು ನಾನು. ಅವನು ಮನೆಯವರೆಗೆ ನನಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಡೆದ. ಎಪ್ರಿಲಿನಲ್ಲಿ ಒಂದು ಬೆಳಿಗ್ಗೆ ನೋಡುವಾಗ ಎದುರು ಬಾಗಿಲಿಗೆ ಬೀಗ ಇತ್ತು. ನನಗೆ ಹೇಳದೆ ಊರಿಗೆ ಹೋಗಿದ್ದ.